ಒಂದು ಗಿಣಿ, ಎರಡು ಚೀಟಿ

ನಂಜಮ್ಮ: ನೋಡು ಆಮಿನಾ, ಸುಳ್ಳು ಹೇಳ್ಬೇಡ. ನಮ್ಮ ಚಿನ್ನುಗೆ ನೀನು ತುಪ್ಪದ ಚಪಾತಿ ಹಾಕ್ತಾ ಇದೀಯ.

ಆಮಿನಾ: ನಿಮ್ಮ ಚಿನ್ನು ಯಾರೋ ನಂಗೊತ್ತಿಲ್ಲ ಅಕ್ಕ. ಇದು ನಮ್ಮ ಮಿಟ್ಟು.

ಬಾಳ್ಳುಪೇಟೆಯ ಎರಡು ಹಿತ್ತಿಲುಗಳ ನಡುವಿನ ಗೋಡೆಯ ಮೇಲೆ ಗಿಣಿ ರೆಕ್ಕೆ ಕೆದರಿಕೊಂಡು ಕೂತಿತ್ತು. ಗಾಳಿಗೆ ಉರುಳಿದ ಹಲಸಿನ ಮರದ ಪೊಟರೆಯಲ್ಲಿ ಸಿಕ್ಕ ಮರಿಯನ್ನು ನಂಜಮ್ಮ ರಾಗಿ ಗಂಜಿ ಕುಡಿಸಿ ಬದುಕಿಸಿದ್ದರು. ಪಂಜರದ ಬಾಗಿಲು ಹಾಕಿದವರಲ್ಲ. ಬೆಳಗ್ಗೆ ತಿಂದು ಹೊರಟರೆ ಸಂಜೆಗೆ ಬರುತ್ತಿತ್ತು. ಕಾಡು ಸುತ್ತಿ ಬರುತ್ತದೆಂದು ಅವರು ನಂಬಿದ್ದರು. ಇವತ್ತು ಬಟ್ಟೆ ಒಣಹಾಕುವಾಗ ನೋಡಿದರೆ, ಆ ಕಾಡು ಆಮಿನಾಳ ಅಡುಗೆಮನೆ ಕಿಟಕಿಯಲ್ಲಿತ್ತು.

ನಂಜಮ್ಮ: ಇದರ ಲಿವರಿಗೆ ಕೊಬ್ಬು ಸೇರೈತೆ ಅಂತ ಡಾಕ್ಟ್ರು ಹೇಳವ್ರೆ. ತಿಂಗಳಿಂದ ಅಳೆದೂ ಅಳೆದೂ ಹಾಕ್ತಾ ಇದೀನಿ. ಇಳಿಯೋದು ಬಿಟ್ಟು ಏರ್ತಾ ಐತೆ.

ಆಮಿನಾ: ನಾವು ಆನೇಮಹಲಿಂದ ಇಲ್ಲಿಗೆ ಬಂದು ಮೂರು ತಿಂಗಳಾಯ್ತು. ಬಂದ ಮಾರನೇ ದಿನಾನೇ ಇದು ಕಿಟಕೀಲಿ ಕೂತು ಬಾಯಿ ಬಿಡ್ತು. ಪಾಪ ದಿಕ್ಕಿಲ್ಲದ್ದು ಅಂತ ಸಾಕ್ಕೊಂಡೆ.

ನಂಜಮ್ಮ: ಈ ಮೈ ನೋಡಿದ್ರೆ ದಿಕ್ಕಿಲ್ಲದ್ದು ಅನ್ಸುತ್ತಾ? ನಿಜ ಹೇಳು, ಬೆಣ್ಣೆಹಣ್ಣು ಕೊಟ್ಟಿದೀಯಾ? ಗಿಣಿಗೆ ಅದು ವಿಷ ಕಣೆ.

ಆಮಿನಾ: ನಂಗೂ ಗೊತ್ತು. ಕಾಫಿ, ಉಪ್ಪು, ಎಣ್ಣೆ ಯಾವುದೂ ಮುಟ್ಟಿಸ್ಬಾರ್ದು. ನೆನೆಸಿದ ಹೆಸರುಕಾಳು ಒಂದು ಚಮಚ, ನುಗ್ಗೆಸೊಪ್ಪು, ಸೀಬೆಹಣ್ಣು ಒಂದು ಹೋಳು.

ನಂಜಮ್ಮ: ಅದು ಡಾಕ್ಟ್ರು ನಂಗೆ ಹೇಳಿದ್ದು. ಗೋಡೆಗೆ ಕಿವಿ ಇಟ್ಟು ಕೇಳಿಸ್ಕೊಂಡ್ಯಾ?

ಆಮಿನಾ ಒಳಗೆ ಹೋಗಿ ಒಂದು ಚೀಟಿ ತಂದಳು. ನಂಜಮ್ಮ ಸೆರಗಿನ ಗಂಟು ಬಿಚ್ಚಿ ತಮ್ಮದನ್ನು ತೆಗೆದರು. ಎರಡರಲ್ಲೂ ಪಶುವೈದ್ಯ ಶ್ರೀನಾಥರ ಅದೇ ವಕ್ರಾಕ್ಷರ, ಅದೇ ಪಥ್ಯ.

ನಂಜಮ್ಮ: ನಿಂಗೇನಂದ್ರು ಅವರು?

ಆಮಿನಾ: ‘ಊರಲ್ಲಿ ಇಂಥದ್ದೇ ಇನ್ನೊಂದು ಡುಮ್ಮ ಗಿಣಿ ಇದೆ ಕಣಮ್ಮ, ನೀವೂ ಅವರ ಥರ ಸಾಕಬೇಡಿ’ ಅಂದ್ರು.

ನಂಜಮ್ಮನಿಗೆ ನಗು ಬಂತು. ಜೊತೆಗೇ ಒಳಗೆ ಚುರ್ರೆಂದಿತು. ತಾವು ಗುಟುಕು ಕೊಟ್ಟು ಸಾಕಿದ ಮರಿ ಇನ್ನೊಂದು ಹೆಸರಿಗೂ ಓಗೊಡುತ್ತಿದೆಯಲ್ಲ.

ನಂಜಮ್ಮ: ಎರಡು ಮನೆ ಪಥ್ಯ ಉಂಡೇ ಕೊಬ್ಬೈತೆ ಇದು.

ಆಮಿನಾ: ಹಂಗಾದ್ರೆ ಇನ್ಮೇಲೆ ಪಂಜರದ ಬಾಗಿಲು ಹಾಕ್ಬುಡ್ತೀರಾ ಅಕ್ಕ?

ಅವಳ ದನಿ ಇಳಿದಿತ್ತು. ಗಂಡ ನಾಸಿರ್ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಕಡೆ ಬರುವುದಿಲ್ಲ. ಹೊಸ ಊರಲ್ಲಿ ಅವಳು ಇಷ್ಟು ದಿನ ಮಾತಾಡಿದ್ದು ಈ ಗಿಣಿಯ ಜೊತೆಗೇ ಇರಬೇಕು ಅನ್ನಿಸಿತು ನಂಜಮ್ಮನಿಗೆ.

ನಂಜಮ್ಮ: ಯಾಕೆ ಹಾಕ್ಲಿ? ಅರ್ಧ ಚಮಚ ನೀನು ಹಾಕು, ಅರ್ಧ ನಾನು. ಹಾರಿಸಿ ಮೈ ಇಳಿಸಿ ಅಂತ ಚೀಟೀಲಿ ಬರೆದವ್ರೆ, ಅದನ್ನ ಇಬ್ರೂ ಸೇರಿ ಕಲಿಸೋಣ.

ಅಂದು ಸಂಜೆಯೇ ಪಾಠ ಶುರುವಾಯಿತು. ನಂಜಮ್ಮ ತಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿ, ಆಮಿನಾ ತನ್ನ ಹೊಸ್ತಿಲ ಬಳಿ. ಕರೆದವರ ಹತ್ತಿರ ಹಾರಿ ಬಂದರೆ ಒಂದು ಚೂರು ಹಸಿಮೆಣಸಿನಕಾಯಿ.

ನಂಜಮ್ಮ: ಚಿನ್ನೂ, ಬಾ.

ಆಮಿನಾ: ಮಿಟ್ಟೂ, ಇಧರ್ ಆ.

ಗಿಣಿ ಇತ್ತ ನೋಡಿತು, ಅತ್ತ ನೋಡಿತು. ಗೋಡೆ ಬಿಟ್ಟು ಕದಲಲಿಲ್ಲ.

ನಂಜಮ್ಮ: ಮೆಣಸಿನಕಾಯಿ ಕಾಣ್ತಿಲ್ಲ ಅನ್ಸುತ್ತೆ. ಎರಡು ಹೆಜ್ಜೆ ಮುಂದೆ ಹೋಗ್ತೀನಿ.

ಆಮಿನಾ: ಹಂಗಾದ್ರೆ ನಾನೂ ಬರ್ತೀನಿ. ಇಲ್ದಿದ್ರೆ ನಿಮಗೇ ಒಲಿಯುತ್ತೆ.

ಎರಡೆರಡು ಹೆಜ್ಜೆ ಇಡುತ್ತಾ ಇಬ್ಬರೂ ಗೋಡೆ ಮುಟ್ಟಿದರು. ಗಿಣಿ ಎರಡೂ ಕೈಯ ಮೆಣಸಿನಕಾಯಿ ತಿಂದು ಕೊಕ್ಕು ಒರೆಸಿಕೊಂಡಿತು. ಇಬ್ಬರೂ ಮತ್ತೆ ತಮ್ಮ ಜಾಗಕ್ಕೆ ಹೋಗಿ ಕರೆದರು.

ತಿಂಗಳು ಕಳೆದ ಮೇಲೆ ಇಬ್ಬರೂ ಒಟ್ಟಿಗೇ ಅದನ್ನು ಆಸ್ಪತ್ರೆಗೆ ತಂದರು. ಶ್ರೀನಾಥರು ತಕ್ಕಡಿಯಲ್ಲಿಟ್ಟು ತೂಗಿ ತಲೆದೂಗಿದರು.

ಶ್ರೀನಾಥ್: ಇಪ್ಪತ್ತು ಗ್ರಾಂ ಇಳಿದಿದೆ. ದಿನಕ್ಕೆ ಎಷ್ಟು ಸುತ್ತು ಹಾರಿಸ್ತೀರಿ?

ಆಮಿನಾ: ಮೂವತ್ತು ಸುತ್ತು ಸಾರ್. ಒಂದು ದಿನಾನೂ ತಪ್ಪಿಸಿಲ್ಲ.

ಶ್ರೀನಾಥ್: ಪರವಾಗಿಲ್ವೇ. ಅಷ್ಟು ಸುತ್ತಿಗೆ ಏದುಸಿರು ಬರಲ್ವಾ ಇದಕ್ಕೆ?

ನಂಜಮ್ಮ: ಇದಕ್ಯಾಕೆ ಬರುತ್ತೆ ಸಾರ್? ಸುತ್ತೋದು ನಾವು. ಇದು ಗೋಡೆ ಮೇಲೆ ಕೂತು ಎಣಿಸುತ್ತೆ.