ಓಣಿ ನೋಡಿದ ನಾಡಿ

ಹರಿಪ್ರಿಯಾ ನಾಲ್ಕು ತಿಂಗಳಿಂದ ಹೊರಗೆ ಕೂತಿಲ್ಲ ಎಂಬುದು ಎದುರುಮನೆಯ ಅನ್ನಪೂರ್ಣಾಬಾಯಿಗೆ ಹೊಳೆದದ್ದು ಆ ಶುಕ್ರವಾರ ಬೆಳಿಗ್ಗೆ, ಮೆಂತ್ಯೆ ಸೊಪ್ಪು ಸೋಸುವಾಗ. ರಾಮದುರ್ಗದ ಆ ಓಣಿಯಲ್ಲಿ ಮಡಿ-ಮೈಲಿಗೆ ಇನ್ನೂ ಉಳಿದದ್ದು ಯಮುನಾಬಾಯಿಯವರ ಮನೆಯಲ್ಲೊಂದೇ. ಸೊಸೆ ಹರಿಪ್ರಿಯಾ ತಿಂಗಳಿಗೆ ಮೂರು ದಿನ ಪಡಸಾಲೆಯ ಮೂಲೆಗೆ ಸರಿದರೆ ಅದು ಇಡೀ ಓಣಿಗೆ ಕಾಣುತ್ತಿತ್ತು. ಸರಿಯದಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ನಿಜ ಸಂಗತಿ ಬೇರೆ. ಹರಿಪ್ರಿಯಾಗೆ ಪಿಸಿಓಎಸ್. ಅಂಡಾಶಯದ ಆ ತೊಂದರೆಯಿಂದ ತೂಕ ಏರುತ್ತದೆ, ತೂಕ ಏರಿದಷ್ಟೂ ತೊಂದರೆ ಹೆಚ್ಚುತ್ತದೆ. ಅತ್ತೆ-ಸೊಸೆ ಒಬ್ಬರನ್ನೊಬ್ಬರು ಕೆಣಕಿದ ಹಾಗೆ. "ನಾಲ್ಕೈದು ಕಿಲೋ ಇಳಸ್ರಿ, ತಿಂಗಳಿಂದು ದಾರಿಗೆ ಬರಬಹುದು," ಎಂದಿದ್ದರು ಸವದತ್ತಿಯ ಡಾಕ್ಟರು. ಆಕೆ ಸಕ್ಕರೆ ಬಿಟ್ಟು, ದಿನವೂ ಹೊಳೆಯ ಸೇತುವೆವರೆಗೆ ನಡೆದು, ಮೂರು ತಿಂಗಳಲ್ಲಿ ಮೂರು ಕಿಲೋ ಇಳಿಸಿದ್ದಳು. ಆದರೆ ಯಾರಿಗೂ ಹೇಳುವಂತಿರಲಿಲ್ಲ. "ಇಂಗ್ಲಿಷ್ ಹೆಸರಿನ ಬ್ಯಾನಿ, ಓಣ್ಯಾಗ ಬಾಯಿ ಬಿಟ್ಟೀ ಜ್ವಾಕಿ," ಎಂದು ಅತ್ತೆಯ ಕಟ್ಟಪ್ಪಣೆಯಾಗಿತ್ತು. ಹರಿಪ್ರಿಯಾಗೂ ಮಾತಿಗಿಂತ ಮೌನವೇ ಸಲೀಸು.

ಹತ್ತು ಗಂಟೆಗೆ ಅನ್ನಪೂರ್ಣಾಬಾಯಿ ಬಟ್ಟಲು ತುಂಬ ಶಿರಾ ಹಿಡಿದು ಬಂದರು. ಅದರ ಮೇಲೆ ತುಪ್ಪ ಮಲಪ್ರಭೆಯ ನೆರೆಯಂತೆ ನಿಂತಿತ್ತು.

"ಯಮುನಾವೈನಿ, ಮುಚ್ಚಿಟ್ರ ಮುಚ್ಚತದೇನ್ರಿ? ನಾಲ್ಕನೇ ತಿಂಗಳಲ್ಲಾ?"

ಯಮುನಾಬಾಯಿ ಕಣ್ಣು ಪಿಳಿಪಿಳಿ ಬಿಟ್ಟರು. ಅಷ್ಟರಲ್ಲಿ ಹರಿಪ್ರಿಯಾಳ ಕುಪ್ಪಸ ಕೊಡಲು ಬಂದ ಟೇಲರ್ ಮುಮ್ತಾಜ ಸಾಕ್ಷಿ ನುಡಿದಳು: "ನಂಗ ಮೊದಲ ಡೌಟ್ ಇತ್ರಿ ಬಾಯಾರ! ಹೋದ ವರ್ಷ ಎರಡು ಸಲ ಹೊಲಿಗಿ ಬಿಚ್ಚೀನಿ. ಈ ಸಲ ಬಿಗಿ ಮಾಡು ಅಂದ್ರು, ನಾ ಮಾಡಿಲ್ಲ. ಇನ್ನ ಬೇಕಾಗತೈತಿ!"

ಹರಿಪ್ರಿಯಾ ಬಾಯಿ ತೆರೆದಳು. ಅತ್ತೆ ಆಕೆಯನ್ನು ಅಡುಗೆಮನೆಗೆ ಎಳೆದೊಯ್ದರು.

"ಬ್ಯಾನಿ ಅನ್ನೂದಕ್ಕಿಂತ ಬಸರು ಅನ್ನೂದು ಚಲೋ. ಸುಮ್ಮನ ಶಿರಾ ತಿನ್ನು."

"ಒಂಬತ್ತು ತುಂಬಿದ ಮ್ಯಾಲ ಏನ್ ತೋರಸ್ತೀರಿ ಅತ್ಯಾ?"

"ಅದಕ್ಕ ಇನ್ನ ಐದು ತಿಂಗಳದಾವ."

ಮಧ್ಯಾಹ್ನದೊಳಗೆ ಶೇಂಗಾ ಹೋಳಿಗೆ, ಬೇಸನ್ ಉಂಡೆ, ಕರದಂಟು ಬಂದವು. ತಂದವರು ಎದುರಿಗೇ ಕೂತು ತಿನ್ನಿಸಿ ಹೋದರು. ಬ್ಯಾಂಕಿನಲ್ಲಿದ್ದ ಗಂಡ ಅಭಿಜಿತ ಫೋನ್ ಮಾಡಿದ: "ಓಣಿ ಗ್ರೂಪಿನಾಗ ಬಂದದ. ಪೇಢೆ ಹಂಚಿದ ಮ್ಯಾಲ ನೆನಪಾತು, ನಿಂಗ ಕೇಳೇ ಇಲ್ಲ. ಖರೇನ?" ನಾಲ್ಕಕ್ಕೆ ಆಕೆ ಹಿತ್ತಲ ಬಾಗಿಲಿಂದ ವಾಕಿಂಗಿಗೆ ನುಸುಳಿದರೆ, ಮುಮ್ತಾಜ ಅರ್ಧ ಹಾದಿಯಲ್ಲಿ ಸ್ಕೂಟಿ ಅಡ್ಡ ಹಾಕಿದಳು. "ಇಂಥಾದ್ರಾಗ ಹೊಳಿ ಕಡೆ ಹೋಗ್ತಾರೇನ ಬೇಟಿ?" ಎಂದು ಗೋಧಿ ಚೀಲದಂತೆ ಹೇರಿಕೊಂಡು ತಂದು ಮನೆಯಲ್ಲಿಳಿಸಿದಳು.

ಸಂಜೆ ಐದು ಮಂದಿ ಮುತ್ತೈದೆಯರು ಉಡಿ ತುಂಬಲು ಬಂದರು. ಅಕ್ಕಿ, ಕೊಬ್ಬರಿ ಬಟ್ಟಲು ಸೆರಗಿಗೆ ಬೀಳುತ್ತಿದ್ದಂತೆ ಹರಿಪ್ರಿಯಾಳ ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಹಿಂಡಿತು. ಬಚ್ಚಲಿಗೆ ಹೋಗಿ ಬಂದವಳ ಮುಖ ಅರಳಿತ್ತು. ಬಿಟ್ಟ ಸಕ್ಕರೆ, ನಡೆದ ದಾರಿ ಫಲ ಕೊಟ್ಟಿದ್ದವು! ಮಡಿಯ ಮನೆಯಲ್ಲಿ ಇದನ್ನು ಮುಚ್ಚಿಡುವಂತೆಯೂ ಇಲ್ಲ. ಬಾಗಿಲಲ್ಲೇ ನಿಂತು ಘೋಷಿಸಿದಳು: "ನಾ ಹೊರಗಾದೆ!"



"ಅಯ್ಯ ನಮ್ಮವ್ವಾ, ಹೋತೇನ!" ಅನ್ನಪೂರ್ಣಾಬಾಯಿ ಎದೆ ಬಡಿದುಕೊಂಡರು.

"ಹೋಗಿಲ್ರಿ ಕಾಕು, ಬಂದದ! ಬಸರು ಇರಲೇ ಇಲ್ಲ. ನಂಗ ಪಿಸಿಓಎಸ್ ಅದ..."

"ಪಾಪ, ದುಃಖದಾಗ ಏನೇನೋ ಇಂಗ್ಲಿಷ್ ಮಾತಾಡಲಿಕ್ಕೆ ಹತ್ಯಾಳ," ಎಂದು ಮುತ್ತೈದೆಯೊಬ್ಬರು ಮರುಗಿದರು.

ಯಮುನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೆರಗಿನ ಮರೆಯಲ್ಲಿ ಅವರ ಮುಖ ಮಾತ್ರ ಐದು ತಿಂಗಳ ಚಿಂತೆ ಕಳೆದವರ ಹಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅನ್ನಪೂರ್ಣಾಬಾಯಿ ದೊಡ್ಡ ಡಬ್ಬಿಯೊಂದನ್ನು, ಮೈಲಿಗೆಯಾಗದಂತೆ, ದೂರದಿಂದಲೇ ಹರಿಪ್ರಿಯಾ ಕೂತ ಮೂಲೆಗೆ ತಳ್ಳಿದರು. ಒಳಗೆ ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡೆ. ಬೆಲ್ಲ, ಕೊಬ್ಬರಿ, ಹಿಡಿದರೆ ಸೋರುವಷ್ಟು ತುಪ್ಪ.

"ದಿನಾ ನಾಕು ತಿನ್ನವಾ. ನಲವತ್ತು ದಿನ ಹೊಸ್ತಿಲಾ ದಾಟಬ್ಯಾಡ. ಆಮ್ಯಾಲ ನೋಡು, ಮೈ ಹೆಂಗ ತುಂಬಿಕೊಂಡು ಬರತದ!"