ಬಾಳೆಕಂಬ ನೋಡಿ ನೇರವಾದ ಗರಗಸ

“ಮೂಲೆಮಟ್ಟ ಹಿಡಿಯೋ ಕಾಲ ಮುಗೀತು ಕಣೇ!” ಎಂದು ನಮ್ಮವರು ತಾವೇ ಮಾಡಿದ ಗರಗಸ ಯಂತ್ರದ ಬೆನ್ನು ತಟ್ಟಿದರು. ಎರಡು ಚಕ್ರಗಳ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡು, ಮುಂದೊಂದು ಗಾಜಿನ ಕಣ್ಣು, ಎರಡು ಕಬ್ಬಿಣದ ಕೈ, ಕೆಳಗೆ ಮಡಚುವ ಕಾಲುಗಳು. ಮೊದಲು ಕಂಡದ್ದನ್ನೇ ನೇರವೆಂದು ಕಲಿತು, ಬ್ಲೇಡು, ಮೇಜು ಎಲ್ಲವನ್ನೂ ಅದು ತಾನೇ ಹೊಂದಿಸಿಕೊಳ್ಳುತ್ತದಂತೆ.

ನನಗೆ ಬೇಕಿದ್ದದ್ದು ಬಚ್ಚಲಿಗೊಂದು ಬಾಗಿಲು. ತಿಪಟೂರಿನ ಅರ್ಧ ಊರಿಗೆ ಬಾಗಿಲು ಮಾಡಿಕೊಟ್ಟ ನಮ್ಮ ಯಜಮಾನ ಮೌನೇಶಾಚಾರ್ಯರ ಸ್ವಂತ ಬಚ್ಚಲಿಗೆ ಅಲ್ಲಿಯವರೆಗೂ ಪರದೆಯೇ. ಬೇರೆಯವರು ನುಗ್ಗದಿರಲೆಂದು ಒಳಗೆ ಹೋದವರು ಹೊರಬರುವ ತನಕ ಹಾಡುತ್ತಿರಬೇಕು. ಶುಕ್ರವಾರ ಮಗಳು ವಿಶಾಲಾಕ್ಷಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಅವರ ಕೈಲೂ ಹಾಡಿಸಿದರೆ ಸಂಬಂಧ ಕೂಡಿದ ಹಾಗೇ ಎಂದು ನನಗೆ ದಿಗಿಲು.

ಸೋಮವಾರ ಯಂತ್ರಕ್ಕೆ ಪೂಜೆ. ನೇರ ಯಾವುದೆಂದು ಕಲಿಸಲು ಅದರ ಕಣ್ಣಿನ ಮುಂದೆ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಡಬೇಕಿತ್ತು. ರಾಹುಕಾಲ ಬಂದುಬಿಡುತ್ತದೆಂಬ ಅವಸರದಲ್ಲಿ ನಮ್ಮವರು ಎದುರಿಗೆ ಬಾಳೆಕಂಬ ಕಟ್ಟಿ, ಆರತಿ ಎತ್ತಿ, ಗುಂಡಿ ಒತ್ತಿಯೇಬಿಟ್ಟರು. ಯಂತ್ರ ಕಣ್ಣು ಬಿಟ್ಟಿತು, ವಾಲಿ ನಿಂತಿದ್ದ ಬಾಳೆಕಂಬವನ್ನು ಕಂಡಿತು, ಲೋಕದಲ್ಲಿ ನೇರವೆಂದರೆ ಇದೇ ಎಂದು ನಂಬಿತು.

ಬಾಗಿಲು ವಾರೆಯಾಗಿ ಬಂತು. ಇದು ಬಾಗಿಲೋ ಗಾಳಿಪಟವೋ ಎಂದು ಕೇಳಿದೆ. ಮೂಲೆ ಸರಿಯಿದೆಯೇ ಎಂದು ನಮ್ಮವರು ಮೂಲೆಮಟ್ಟ ಹಿಡಿದು ನೋಡಹೋದರೆ ಯಂತ್ರ ಅದನ್ನು ಕಿತ್ತುಕೊಂಡು, ಬಗ್ಗಿಸಿ, ವಾಪಸು ಕೊಟ್ಟಿತು. ಆಮೇಲೆ ಅವರ ಭುಜ ಹಿಡಿದು ಅವರನ್ನೂ ವಾಲಿಸಿ ನಿಲ್ಲಿಸಿತು.

“ಆ ಬಾಳೆಕಂಬ ಕಿತ್ತಾಕಬಾರ್ದಾ?”

“ಪೂಜೆ ಮಾಡಿದ್ದನ್ನ ತಾನಾಗಿ ಬಾಡೋ ತನಕ ಮುಟ್ಟಬಾರದು ಕಣೇ,” ಎಂದರು, ವಾಲಿಕೊಂಡೇ.

ಅದು ಬಾಡಿತು, ದಿನದಿನಕ್ಕೂ ಇನ್ನಷ್ಟು ವಾಲುತ್ತಾ. ಯಂತ್ರವೂ ಜೊತೆಗೇ ವಾಲಿತು. ಗುರುವಾರ ಸಂಜೆ ಬಾಳೆಕಂಬ ನೆಲಕ್ಕೊರಗಿದಾಗ ಯಂತ್ರ ಕಾಲು ಮಡಿಸಿ ಅದರ ಪಕ್ಕದಲ್ಲೇ ಮಲಗಿ, ಬ್ಲೇಡು ತಿರುಗಿಸುತ್ತಾ ಗೊರಕೆ ಹೊಡೆಯತೊಡಗಿತು. ನನಗೆ ಅಳುವೇ ಬಂತು.

ಬೇರೆ ದಾರಿಯಿಲ್ಲದೆ ಆ ವಾರೆ ಬಾಗಿಲನ್ನೇ ಬಚ್ಚಲಿಗೆ ಹಿಡಿದೆವು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು! ಬಚ್ಚಲ ಚೌಕಟ್ಟು ನಿಲ್ಲಿಸಿದ್ದವರೂ ನಮ್ಮವರೇ ಅಲ್ಲವೇ. ಅವರು ಮೀಸೆ ತಿರುವಿದರು.

ಶುಕ್ರವಾರ ಗಂಡಿನ ತಾಯಿ ಕಾಲು ತೊಳೆಯಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ವಾಲಿದ ಬಾಗಿಲು ತಾನಾಗಿ ತೆರೆಯಿತು. ಮತ್ತೆ ಹಾಕಿದರು, ಮತ್ತೆ ತೆರೆಯಿತು. ಚಿಲಕ ಬಡಿಯಲು ನಮ್ಮವರು ಮರೆತಿದ್ದರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ವಿಶಾಲಾಕ್ಷಿಯೇ ಹೋಗಿ ಮೆಲ್ಲಗೆ, “ಹಾಡ್ತಾ ಇರಿ ಅತ್ತೆ, ಯಾರೂ ಬರಲ್ಲ,” ಎಂದಳು.

ಒಳಗಿಂದ ದೇವರನಾಮ ಶುರುವಾಯಿತು. ಎಲ್ಲ ಚರಣಗಳನ್ನೂ ಮುಗಿಸಿ ಹೊರಬಂದ ಅವರು, ತಮ್ಮ ಮನೆಯಲ್ಲಿ ತಮ್ಮ ಹಾಡು ಕೇಳುವವರೇ ಇಲ್ಲವೆಂದು ಹೇಳಿ, ಸಂಬಂಧಕ್ಕೆ ಅಲ್ಲೇ ಒಪ್ಪಿಬಿಟ್ಟರು.

ಬೀಗಿತ್ತಿಯ ಕಂಠವೇನೋ ಚೆನ್ನಾಗಿದೆ. ಶ್ರುತಿ ಮಾತ್ರ ಸ್ವಲ್ಪ ಬಾಳೆಕಂಬದ ಕಡೆಗೆ.