ಸತ್ತು ಬಿದ್ದಿರಲೊಲ್ಲದ ಮಾವ

ನಮ್ಮ ಸೋದರಮಾವನಿಗೆ ಬಾರದ ವಿದ್ಯೆ ಈ ಭೂಮಿಯ ಮೇಲೆ ಒಂದೇ ಒಂದು: ಸತ್ತು ಸುಮ್ಮನೆ ಬಿದ್ದಿರುವುದು! ಸಾಯುವುದೇನೋ ಬರುತ್ತದೆ, ಅದರಲ್ಲಿ ಅವನು ಪಂಡಿತ. ಕುರುಗೋಡಿನ ಬಯಲಾಟದಲ್ಲಿ ವರ್ಷಾನುಗಟ್ಟಲೆ ರಕ್ಕಸನ ಪಾತ್ರ ಮಾಡಿ, ಪ್ರತಿ ಆಟದಲ್ಲೂ ಹಲಗೆ ಮುರಿಯುವಂತೆ ಬಿದ್ದು ಸತ್ತವನು. ಕಷ್ಟ ಇರುವುದು ಆಮೇಲಿನದರಲ್ಲಿ.

ಎಂಬತ್ತರ ದಶಕ. ಬಳ್ಳಾರಿಗೆ ಟಿ.ವಿ. ಆಗಷ್ಟೇ ಕಾಲಿಟ್ಟಿತ್ತು. ಬೆಂಗಳೂರಿನಿಂದ ಧಾರಾವಾಹಿಯವರು ಸಿರುಗುಪ್ಪಕ್ಕೆ ಬಂದು, ಗದ್ದೆಯ ಪಕ್ಕದ ಒಂದು ಮನೆಯಲ್ಲಿ ಶೂಟಿಂಗ್ ಇಟ್ಟುಕೊಂಡಿದ್ದರು. ಕಾಲೇಜಿನಲ್ಲಿ ನಾಟಕ ಆಡಿದ್ದೆನೆಂಬ ಒಂದೇ ಪುಣ್ಯಕ್ಕೆ ನನಗೂ ಒಂದು ಪಾತ್ರ ಸಿಕ್ಕಿತು. ಪಟ್ಟಣದಲ್ಲಿರುವ ಹಿರಿಮಗ ಊರಿಗೆ ಬರುತ್ತಾನೆ, ಅಪ್ಪ ಕಣ್ಣೆದುರೇ ಪ್ರಾಣ ಬಿಡುತ್ತಾನೆ, ಮಗ "ಅಪ್ಪಾ!" ಎಂದು ಗೋಳಾಡುತ್ತಾನೆ. ಅಷ್ಟೇ. ಆದರೆ ನನಗೆ ಅದು ಅಷ್ಟೇ ಆಗಿರಲಿಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದ ಮೊದಲಿಗ ನಾನು. ಬಳ್ಳಾರಿ ಕಂಟೋನ್ಮೆಂಟಿನ ಬಾಡಿಗೆ ಕೋಣೆಯಲ್ಲಿ, ಮಾವ ಬಸ್ಸಿನಲ್ಲಿ ತಂದುಕೊಡುತ್ತಿದ್ದ ಸಜ್ಜೆರೊಟ್ಟಿ ತಿಂದು ಬಿ.ಎ. ಪಾಸಾಗಿ ಮಾಸ್ತರನಾದವನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಜಂಬವೇ ಇದೆ! ಅಂಥವನು ಟಿ.ವಿ.ಯಲ್ಲೂ ಬರುತ್ತಾನೆಂದು ನಮ್ಮ ಸಾಲೆಗೆಲ್ಲ ಸಾರಿಬಿಟ್ಟಿದ್ದೆ. ಕುರುಗೋಡಿಗೆ ಸಾರುವ ಕೆಲಸ ಮಾವ ಮಾಡಿದ್ದ.

"ಸಾಯೋಕೆ ಒಬ್ಬರು ಲೋಕಲ್ ಯಜಮಾನ್ರು ಬೇಕಲ್ಲ ಮೇಷ್ಟ್ರೇ" ಎಂದರು ಡೈರೆಕ್ಟರು. ನನ್ನ ನಾಲಿಗೆಗೆ ಯಾವ ಗಾಳಿ ಬಡಿದಿತ್ತೋ! "ನಮ್ಮ ಮಾವ ಇದ್ದಾನಲ್ರಿ" ಎಂದುಬಿಟ್ಟೆ.

ಮಾವ ಬಂದ. ಬರೀ ಬರಲಿಲ್ಲ, ಟ್ರಂಕಿನ ಸಮೇತ ಬಂದ. ಮುಖಕ್ಕೆ ಕೆಂಪು ಬಣ್ಣ ಬಳಿದುಕೊಂಡು, ಕಿವಿ ಮುಟ್ಟುವ ಮೀಸೆ ಅಂಟಿಸಿಕೊಂಡೇ ಬಸ್ಸಿನಲ್ಲಿ ಕೂತಿದ್ದನಂತೆ. ಕಂಡಕ್ಟರ್ ಟಿಕೆಟ್ ಕೇಳಲು ಹೆದರಿದನೆಂದು ಅವನೇ ಹೆಮ್ಮೆಯಿಂದ ಹೇಳಿದ.

"ಮಾವ, ನೀ ಆರು ತಿಂಗಳಿಂದ ಹಾಸಿಗಿ ಹಿಡಿದ ಮುದುಕ! ಮೀಸಿ ಯಾಕ?"

"ಲೇ, ಮೀಸಿ ಇಲ್ಲದವ ಸತ್ರ ಮಂದಿ ಯಾಕ ಅಳ್ತಾರಲೇ?"

ಮೇಕಪ್ಪಿನವರು ಕೊಬ್ಬರಿ ಎಣ್ಣೆ ಹಚ್ಚಿ ಆ ಬಣ್ಣ ತೆಗೆಯುವಷ್ಟರಲ್ಲಿ ಹೊತ್ತು ನೆತ್ತಿಗೇರಿತು.

ಮುಂದಿನ ತಕರಾರು, ಮಂದಿ ಎಲ್ಲಿ ಕುಂದರ್ತಾರೆ ಎಂಬುದು. ಡೈರೆಕ್ಟರು ಕ್ಯಾಮರಾ ತೋರಿಸಿ "ಎಲ್ಲರೂ ಇದರೊಳಗೇ ಇದಾರೆ ಅನ್ಕೊಳ್ಳಿ" ಎಂದರು. ಮಾವನ ಲೆಕ್ಕದಲ್ಲಿ, ಇಷ್ಟು ಸಣ್ಣ ಡಬ್ಬಿಯಲ್ಲಿ ಅಷ್ಟು ಮಂದಿ ಇದ್ದರೆ ಹಿಂದಿನವರಿಗೆ ಕೇಳಿಸಬೇಕಲ್ಲ! ಹಾಸಿಗೆಯಲ್ಲಿ ಮಲಗಿ, ಕೊನೆಯುಸಿರಿನ ಮಾತನ್ನು ಮಾವ ಎಂಥ ದನಿಯಲ್ಲಿ ಗರ್ಜಿಸಿದನೆಂದರೆ, ಧ್ವನಿ ಹಿಡಿಯುವಾತ ಕಿವಿಯ ಮೇಲಿನದನ್ನು ಕಿತ್ತೆಸೆದು ಎದ್ದು ನಿಂತ. ದೂರದ ರಾರಾವಿ ಊರಿನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರೂ ತಲೆ ಎತ್ತಿರಬೇಕು.

"ಯಜಮಾನ್ರೇ, ಪಿಸುಮಾತಲ್ಲಿ ಹೇಳಿ, ಸಾಕು."

"ಪಿಸುಮಾತು ಕಳ್ಳರದ್ರಿ, ಸಾಹೇಬ್ರ. ನಾ ಜೀವಮಾನದಾಗ ಆಡಿಲ್ಲ."

ಕೊನೆಗೆ ಆ ಮಾತನ್ನೇ ತೆಗೆದುಹಾಕಿ, ಸುಮ್ಮನೆ ಕತ್ತು ವಾಲಿಸಲು ಹೇಳಿದರು. ವಾಲಿಸಿದ. ಆಹಾ, ಏನು ಸಾವು! ಹೆಂಡತಿಯ ಪಾತ್ರ ಮಾಡುತ್ತಿದ್ದ, ಬಳ್ಳಾರಿಯ ನಾಟಕ ಕಂಪನಿಯ ಅಮ್ಮ ಎದೆ ಬಡಿದುಕೊಂಡು ಬಳೆ ಒಡೆದುಕೊಂಡಳು. ನಾನು ಬಾಗಿಲಿನಿಂದ ಓಡಿ ಬಂದೆ. ಅಷ್ಟರಲ್ಲಿ ಹೆಣ ಎದ್ದು ಕೂತು, ಮೂರು ದಿಕ್ಕಿಗೂ ಕೈಮುಗಿದು, ಅಡುಗೆಮನೆಯ ಕಡೆ ನಡೆದುಬಿಟ್ಟಿತು!

ತಪ್ಪು ಅವನದಲ್ಲ, ಪದ್ಧತಿಯದು. ಬಯಲಾಟದಲ್ಲಿ ಹೆಣ ಹೊರಲು ಯಾರೂ ಬರುವುದಿಲ್ಲ. ಸತ್ತವನು ತಾನೇ ಎದ್ದು, ಸಭೆಗೆ ಕೈಮುಗಿದು ಒಳಗೆ ಹೋಗಬೇಕು. ಇದನ್ನು ಬೆಂಗಳೂರಿನವರಿಗೆ ತಿಳಿಸಿ ಹೇಳುವ ಕರ್ಮ ಯಾರಿಗೆ? ಈ ಬಿ.ಎ. ಪದವೀಧರನಿಗೆ!

ಮತ್ತೆ ಸತ್ತ. ಈ ಸಲ ಏಳಲಿಲ್ಲ. ನಾನು ಮೊಣಕಾಲೂರಿ ಅವನ ಕೈ ಹಿಡಿದು "ಅಪ್ಪಾ!" ಎಂದೆ.

"ಓ" ಎಂದಿತು ಹೆಣ.

ಕಟ್! ಇನ್ನೊಮ್ಮೆ. "ಅಪ್ಪಾ!" "ಓ." ಮತ್ತೊಮ್ಮೆ. "ಅಪ್ಪಾ!" "ಓ, ಮಗನ."

"ಯಪ್ಪಾ, ನೀ ಹಿಂಗ ಸಾಯೋದು ಮಾತಾಡೋದು ಮಾಡಿದ್ರ ನಾ ಎಷ್ಟು ಸಲ ರಂಡಿಮುಂಡಿ ಆಗ್ಲಿ? ಸಿರುಗುಪ್ಪದಾಗಿನ ಗಾಜಿನ ಬಳಿ ಎಲ್ಲಾ ಮುಗುದುವು!" ಎಂದು ಆಯಮ್ಮ ಖಾಲಿ ಕೈ ತೋರಿಸಿದಳು.

ಡೈರೆಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಬೆಳಕು ಹೋಗ್ತಿದೆ ಮೇಷ್ಟ್ರೇ. ನಾಳೆ ನಾವು ಊರಿಗೆ ಹೊರಡಬೇಕು. ಇನ್ನೊಂದೇ ಟೇಕು. ಹಾಳಾದ್ರೆ ಪಕ್ಕದ ಮನೆಯವರೊಬ್ಬರ ಕೈಲಿ 'ಯಜಮಾನ್ರು ತೀರಿಕೊಂಡ್ರು' ಅಂತ ಹೇಳಿಸಿ ಮುಗಿಸ್ತೀನಿ. ನಿಮ್ಮ ಸೀನು ಇರಲ್ಲ."

ನನಗೆ ರೇಗಿಹೋಯಿತು. ಮಾವನನ್ನು ಬೇವಿನ ಮರದ ಕೆಳಗೆ ಎಳೆದೊಯ್ದೆ.

"ಮಾವ, ಹೆಣ ಓ ಅಂತೈತೇನು? ಊರಾಗೆಲ್ಲ ಸಾರಿ ಬಂದಿ, ಈಗ ನೀನ ನನ್ನ ಪಾತ್ರ ಕಳೀತಿ! ಇದೂ ಬಯಲಾಟದ ಪದ್ಧತಿ ಏನು?"

ಬಣ್ಣವಿಲ್ಲದ, ಮೀಸೆಯಿಲ್ಲದ ಆ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಹೆಗಲ ಮೇಲಿನ ಟವೆಲ್ಲನ್ನು ತಿರುವುತ್ತ ಮಾವ ಹೇಳಿದ.

"ಪದ್ಧತಿ ಅಲ್ಲಲೇ. ನಿಮ್ಮಪ್ಪ ಹೋದಾಗ ನಿನಗಿನ್ನೂ ಮಾತು ಬಂದಿದ್ದಿಲ್ಲ. ನಮ್ಮಕ್ಕ ನಿನ್ನ ತಂದು ನನ್ನ ತೊಡಿಮ್ಯಾಲ ಹಾಕಿದ್ಲು. ಮಾತು ಬಂದ ಮ್ಯಾಲೆ ನೀ ಮಾವ ಅಂದಿ. ಅನ್ನಬೇಕಾದ್ದೂ ಅದ, ತಪ್ಪಲ್ಲ. ಆದ್ರ ಯಾರೂ ನನಗ ಇವತ್ತಿನ ತನಕ ಅಪ್ಪಾ ಅಂದಿದ್ದಿಲ್ಲ. ಕೈ ಹಿಡಿದು ಕರೀತಿ. ಬಾಯಿ ತಾನಾ ಓ ಅಂತೈತಿ. ನಾ ಏನು ಮಾಡ್ಲಿ?"

ಆಟದ ಹುಚ್ಚಿನಲ್ಲಿ ಮಾವನಿಗೆ ಮದುವೆಗೆ ಪುರುಸೊತ್ತಾಗಲಿಲ್ಲ ಎಂದು ಊರವರು ನಗುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಬಿ.ಎ. ಪಾಸಾದವನು!

"ನಡಿ, ಈ ಸಲ ಹಲ್ಲು ಕಚ್ಚಿಕೊಂಡು ಸಾಯ್ತೀನಿ" ಎಂದು ಅವನೇ ಮುಂದೆ ನಡೆದ.

ಸತ್ತ. ನಾನು ಕೈ ಹಿಡಿದು "ಅಪ್ಪಾ" ಎಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದೆ. ಬರಲಿಲ್ಲ. ಮೂರನೆಯ ಸಲದ ಕೂಗು ಡೈರೆಕ್ಟರು ಹೇಳಿಕೊಟ್ಟದ್ದಾಗಿರಲಿಲ್ಲ. ಕಣ್ಣಿಗೆ ಹಾಕಲು ಗ್ಲಿಸರಿನ್ ಹಿಡಿದು ನಿಂತವನು ಶೀಶೆಯ ಮುಚ್ಚಳ ತೆಗೆಯಲೇ ಇಲ್ಲ.

ಧಾರಾವಾಹಿ ಬಂದ ಸಂಜೆ ಕುರುಗೋಡಿನಲ್ಲಿ ಎಣ್ಣೆಗಿರಣಿಯವರ ಪಡಸಾಲೆಯ ಟಿ.ವಿ. ಮುಂದೆ ಅರ್ಧ ಊರು ಸೇರಿತ್ತು. ಅವ್ವನ ಪಕ್ಕದಲ್ಲಿ ನಾನು ಕೂತಿದ್ದೆ. ಪರದೆಯ ಮೇಲೆ ಮಾವ ಕತ್ತು ವಾಲಿಸಿದ, ನಾನು ಓಡಿ ಬಂದು "ಅಪ್ಪಾ" ಎಂದೆ. ಹೆಣ ಮಿಸುಕಲಿಲ್ಲ.

ನನ್ನ ಬೆನ್ನ ಹಿಂದೆ, ಕಂಬಕ್ಕೆ ಒರಗಿ ಕೂತಿದ್ದವನು, ಪಿಸುಮಾತಿನಲ್ಲಿ, ಕಳ್ಳನ ಹಾಗೆ, "ಓ" ಎಂದ.